ಅಪ್‌ಡೇಟ್: ಸ್ಕೈರಿಮ್‌ನ ಪಪೈರಸ್ ಸ್ಕ್ರಿಪ್ಟ್‌ನಲ್ಲಿ ಸೈನ್ ಮತ್ತು ಕೊಸೈನ್ ಬಳಕೆ

ಸ್ಕೈರಿಮ್ ಎಂಬ ವಿಡಿಯೊ ಗೇಮ್‌ನಲ್ಲಿ, ಅದರ ಸ್ಕ್ರಿಪ್ಟ್ ಭಾಷೆಯಾದ ಪಪೈರಸ್ ಬಳಸಿ, ಆಟಗಾರನು ಯಾವ ದಿಕ್ಕಿಗೆ ಮುಖ ಮಾಡಿದ್ದರೂ ಅವನ ಎದುರಿಗೆ 200 ಯೂನಿಟ್ ದೂರದಲ್ಲಿ ಲಾಟೀನೊಂದನ್ನು ಇರಿಸುವುದು ಹೇಗೆಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು. ಸ್ಕ್ರಿಪ್ಟ್ ಈಗ ಸರಿಯಾಗಿ ಕೆಲಸ ಮಾಡುತ್ತಿದೆ.

ಪಪೈರಸ್‌ನ ಸೈನ್ ಮತ್ತು ಕೊಸೈನ್ ಫಂಕ್ಷನ್‌ಗಳು ಕೋನವನ್ನು ರೇಡಿಯನ್‌ನಲ್ಲಲ್ಲ, ಡಿಗ್ರಿಯಲ್ಲಿ ಸ್ವೀಕರಿಸುತ್ತವೆ. ಆಟಗಾರ ಮುಖ ಮಾಡಿರುವ ದಿಕ್ಕಿನ ಕೋನವನ್ನು ತಿಳಿಸುವ ಗೆಟ್‌ಆಂಗಲ್‌ಝಡ್ ಫಂಕ್ಷನ್ ಕೊಡುವ ಮೌಲ್ಯವೂ ಡಿಗ್ರಿಯಲ್ಲೇ ಇರುವುದರಿಂದ ಪರಿವರ್ತನೆಯ ಗೊಡವೆಯೇ ಇಲ್ಲ. ತೊಡಕಿದ್ದದ್ದು ದಿಕ್ಕಿನ ವಿಚಾರದಲ್ಲಿ. ಶಾಲೆಯ ಗಣಿತದಲ್ಲಿ ಕೋನವನ್ನು ಎಕ್ಸ್ ಅಕ್ಷದಿಂದ ಅಪ್ರದಕ್ಷಿಣವಾಗಿ ಅಳೆಯುತ್ತೇವೆ. ಈ ಆಟದಲ್ಲಾದರೋ ಉತ್ತರ ದಿಕ್ಕು, ಅಂದರೆ ಧನಾತ್ಮಕ ವೈ ಅಕ್ಷವೇ ಸೊನ್ನೆ ಡಿಗ್ರಿಯಾಗಿದ್ದು, ಕೋನವು ದಿಕ್ಸೂಚಿಯಲ್ಲಿರುವಂತೆ ಪ್ರದಕ್ಷಿಣವಾಗಿ ಹೆಚ್ಚುತ್ತದೆ. ಆದ್ದರಿಂದ ಎಕ್ಸ್ ಅಂತರಕ್ಕೆ 200 × ಸೈನ್, ವೈ ಅಂತರಕ್ಕೆ 200 × ಕೊಸೈನ್ ಎಂದು ಬರೆಯಬೇಕು. ಪೂರ್ವಕ್ಕೆ ಮುಖ ಮಾಡಿದಾಗ ಕೋನ 90. ಸೈನ್ 1, ಕೊಸೈನ್ 0 ಆಗುವುದರಿಂದ ಲಾಟೀನು ನೇರ ಪೂರ್ವಕ್ಕೇ ಹೋಗಿ ನಿಲ್ಲುತ್ತದೆ. ಈ ಎರಡೂ ಮೌಲ್ಯಗಳನ್ನು ವಸ್ತುವನ್ನು ಸ್ಥಳಾಂತರಿಸುವ ಮೂವ್‌ಟು ಫಂಕ್ಷನ್‌ಗೆ ಹಾಗೆಯೇ ಕೊಟ್ಟಿದ್ದೇನೆ.

ಇದರ ವಿಲೋಮ ಲೆಕ್ಕ, ಅಂದರೆ ಎರಡು ಬಿಂದುಗಳಿಂದ ಕೋನವನ್ನು ಕಂಡುಹಿಡಿಯುವುದು, ತುಸು ಕಿರಿಕಿರಿಯದು. ಎಕ್ಸ್ ವ್ಯತ್ಯಾಸವನ್ನು ವೈ ವ್ಯತ್ಯಾಸದಿಂದ ಭಾಗಿಸಿ ಆರ್ಕ್‌ಟ್ಯಾನ್‌ಗೆ (ಟ್ಯಾನ್‌ನ ವಿಲೋಮ ಫಂಕ್ಷನ್) ಕೊಡಬೇಕು. ಇಲ್ಲಿನ ಆರ್ಕ್‌ಟ್ಯಾನ್ −90ರಿಂದ 90ರವರೆಗಿನ ಉತ್ತರವನ್ನಷ್ಟೇ ಕೊಡುವುದರಿಂದ, ವೈ ವ್ಯತ್ಯಾಸ ಋಣಾತ್ಮಕವಾಗಿದ್ದರೆ 180 ಕೂಡಿಸಬೇಕು, ಅದು ಸೊನ್ನೆಯಾಗಿದ್ದರೆ ಭಾಗಾಕಾರಕ್ಕೆ ಮೊದಲೇ ಪರೀಕ್ಷಿಸಿಕೊಳ್ಳಬೇಕು. ಒಂದು ವಸ್ತು ಆಟಗಾರನ ಎಡಕ್ಕಿದೆಯೋ ಬಲಕ್ಕಿದೆಯೋ ಎಂಬುದಷ್ಟೇ ಬೇಕಿದ್ದರೆ ಇಷ್ಟೆಲ್ಲ ಮಾಡದೆ, ಆಟಗಾರನ ಮುಖದ ದಿಕ್ಕಿಗೆ ಹೋಲಿಸಿ ವಸ್ತುವಿನ ಕೋನವನ್ನು ಕೊಡುವ ಗೆಟ್‌ಹೆಡಿಂಗ್‌ಆಂಗಲ್ ಫಂಕ್ಷನ್ ಬಳಸುವುದೇ ಲೇಸು.