ಸಹಾಯ ಬೇಕು: ಮನುಷ್ಯರ ವಿಷಯದಲ್ಲಿ ‘ಕಳ್ಳಸಾಗಣೆ’ ಎಂಬ ಪದ ಸರಿಯೇ?

ಮಾನ್ಯರೇ, ಪ್ರೌಢಶಾಲೆಯ ಮಕ್ಕಳಿಗಾಗಿ ಮಾನವ ಕಳ್ಳಸಾಗಣೆಯ ಕುರಿತು ಕರಪತ್ರ ಬರೆಯಲು ಹೊರಟು, ಆ ಪದದಲ್ಲಿಯೇ ಸಿಕ್ಕಿಕೊಂಡಿದ್ದೇನೆ. ಸುಂಕ ತಪ್ಪಿಸಿ ಚಿನ್ನ ತರುವುದನ್ನೂ ಕಾಡಿನಿಂದ ಶ್ರೀಗಂಧದ ತುಂಡುಗಳನ್ನು ಕದ್ದೊಯ್ಯುವುದನ್ನೂ ನಾವು ಕಳ್ಳಸಾಗಣೆ ಎನ್ನುತ್ತೇವೆ. ಪರವಾನಗಿಯಿಲ್ಲದೆ ಲಾರಿಯಲ್ಲಿ ಹೋಗುವ ಮರಳಿಗೆ ‘ಅಕ್ರಮ ಸಾಗಾಟ’ ಎಂಬ ಮಾತೂ ಬಳಕೆಯಲ್ಲಿದೆ. 1962ರ ಕಸ್ಟಮ್ಸ್ ಕಾಯ್ದೆಯ ವ್ಯಾಖ್ಯೆಯನ್ನು ಓದಿ ನೋಡಿದೆ, ಅದು ಮುಟ್ಟುಗೋಲಿಗೆ ಒಳಪಡುವ ಸರಕಿಗೆ ಸಂಬಂಧಿಸಿದ್ದು. ಆದರೆ ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಮಿನ ಪ್ರಕಾರ, ಶೋಷಣೆಗಾಗಿ ಬೆದರಿಕೆ, ವಂಚನೆ ಅಥವಾ ಆಮಿಷದಿಂದ ಒಬ್ಬರನ್ನು ಕೆಲಸಕ್ಕೆ ಸೇರಿಸಿಕೊಳ್ಳುವುದೂ ಇರಿಸಿಕೊಳ್ಳುವುದೂ ಮಾನವ ಕಳ್ಳಸಾಗಣೆಯ ಅಪರಾಧವೇ, ಸಾಗಿಸಿರಲೇಬೇಕೆಂದಿಲ್ಲ. ‘ಸಾಗಣೆ’ ಎಂದೊಡನೆ ಮಕ್ಕಳು ಗಡಿ ದಾಟಿಸುವುದನ್ನಷ್ಟೇ ಊಹಿಸಿಕೊಂಡು, ಪಕ್ಕದ ಮನೆಯಲ್ಲಿ ದುಡಿಮೆಗೆ ಕೂಡಿಹಾಕಿದ ಹುಡುಗಿಯ ಸ್ಥಿತಿಯನ್ನು ಗುರುತಿಸದೆ ಹೋದಾರು ಎಂಬುದೇ ನನ್ನ ಆತಂಕ. ಕರಪತ್ರದಲ್ಲಿ ‘ಕಳ್ಳಸಾಗಣೆ’ಯನ್ನೇ ಉಳಿಸಿಕೊಂಡು ವಿವರಣೆ ಸೇರಿಸಲೇ, ಅಥವಾ ಈ ಪೂರ್ಣ ಅರ್ಥವನ್ನು ಕೊಡುವ ಬೇರೆ ಕನ್ನಡ ಪದ ಬಳಕೆಯಲ್ಲಿದೆಯೇ?