ಅಮ್ಮನಿಗೆ ಕೇಳಿಸಲು ಹಳೆಯ ಕನ್ನಡ ಕಥೆ, ಕಾವ್ಯ ಉಚಿತವಾಗಿ ಎಲ್ಲಿ ಸಿಗುತ್ತದೆ?

ಕಟಪಾಡಿಯ ಮಗಳು:

ಎಲ್ಲರಿಗೂ ನಮಸ್ಕಾರ. ನನ್ನ ಅಮ್ಮನಿಗೆ ಅರವತ್ತೆಂಟು ವರ್ಷ. ಮದುವೆಗೆ ಮುಂಚಿನಿಂದಲೂ ಬೀಡಿ ಕಟ್ಟುತ್ತಿದ್ದಾರೆ, ಈಗಲೂ ಬಿಟ್ಟಿಲ್ಲ. ಓದಿದ್ದು ಐದನೇ ಕ್ಲಾಸು. ಮನೆಯಲ್ಲಿ ತುಳು. ಆದರೆ ಕನ್ನಡ ಕಥೆ ಅಂದರೆ ಅವರಿಗೆ ಪ್ರಾಣ. ವಾರಪತ್ರಿಕೆಯ ಧಾರಾವಾಹಿ ಓದದೆ ಮಧ್ಯಾಹ್ನ ಮಲಗಿದವರಲ್ಲ. ಮಂಗಳೂರು ಆಕಾಶವಾಣಿ 1976ರಲ್ಲಿ ಶುರುವಾದಾಗ ಹತ್ತೊಂಬತ್ತರ ಹುಡುಗಿ. ಅಂದಿನಿಂದ ರೇಡಿಯೊ ಅವರ ಬೀಡಿ ತಡ್ಪೆಯ (ಮೊರದ) ಪಕ್ಕದಲ್ಲೇ ಇತ್ತು.

ಎರಡು ವರ್ಷದಿಂದ ಕಣ್ಣು ಮಂಜು. ಆಪರೇಷನ್ ಆಯಿತು, ಆದರೂ ಸಣ್ಣ ಅಕ್ಷರ ಕಾಣುವುದಿಲ್ಲ. ಎಲೆ ಕತ್ತರಿಸಿ ಕೊಡುವುದು ಈಗ ನಾನು. ಸುತ್ತುವುದಕ್ಕೆ ಅವರಿಗೆ ಕಣ್ಣು ಬೇಡ, ಬೆರಳಿಗೇ ಗೊತ್ತುಂಟು.

ಫೋನಿನಲ್ಲಿ ಕಥೆ ಹಾಕಿ ಕೊಟ್ಟೆ. ಐದು ನಿಮಿಷಕ್ಕೊಮ್ಮೆ ಜಾಹೀರಾತು. ಅಮ್ಮನ ಕೈ ತುಂಬ ಹೊಗೆಸೊಪ್ಪಿನ ಪುಡಿ, ಫೋನು ಮುಟ್ಟುವ ಹಾಗಿಲ್ಲ. ಮೊನ್ನೆ ಒಂದು ಕಥೆಯಲ್ಲಿ ಹುಡುಗಿ ಬಾವಿಕಟ್ಟೆಯ ಹತ್ತಿರ ನಿಂತಿದ್ದಾಳೆ. ಅಮ್ಮ ಅರ್ಧ ಸುತ್ತಿದ ಬೀಡಿ ಹಿಡಿದುಕೊಂಡು ಹಾಗೇ ಕೂತಿದ್ದಾರೆ. ಅಷ್ಟರಲ್ಲಿ ಸಾಲ ಕೊಡುವವರ ಜಾಹೀರಾತು ಬಂತು. ಅದು ಮುಗಿದದ್ದೇ ಬೇರೆ ಯಾವುದೋ ಕಥೆ ಶುರುವಾಯಿತು. ಆ ಹುಡುಗಿ ಏನಾದಳು ಅಂತ ಅಮ್ಮ ರಾತ್ರಿ ಊಟಕ್ಕೆ ಕೂತಾಗಲೂ ಕೇಳಿದರು. ನನಗೆ ಆ ಕಥೆ ಮತ್ತೆ ಸಿಗಲೇ ಇಲ್ಲ.

ಜಾಹೀರಾತು ಇಲ್ಲದ್ದು, ನೆಟ್ ಇಲ್ಲದೆ ಕೇಳುವಂಥದ್ದು ಬೇಕು. ಮೆಮೊರಿ ಕಾರ್ಡಿಗೆ ಹಾಕಿ ಸಣ್ಣ ಸ್ಪೀಕರಿನಲ್ಲಿ ಬಿಟ್ಟರೆ ಸಾಕು. ಕದ್ದು ಹಾಕಿದ್ದು ಬೇಡ. ದಯವಿಟ್ಟು ಗೊತ್ತಿದ್ದವರು ತಿಳಿಸಿ.

ಸುರತ್ಕಲ್ ಓದುಗ:

ಅಕ್ಕಾ, ಕದ್ದದ್ದು ಯಾವುದು, ಅಲ್ಲದ್ದು ಯಾವುದು ಅಂತ ತಿಳಿಯುವುದು ಕಷ್ಟವಿಲ್ಲ. ನಮ್ಮ ಕಾನೂನಿನಲ್ಲಿ ಬರೆದವರು ತೀರಿಕೊಂಡ ಮರುವರ್ಷದಿಂದ 60 ವರ್ಷ ಕೃತಿಯ ಹಕ್ಕು (ಕಾಪಿರೈಟ್) ಇರುತ್ತದೆ. ಬದುಕಿದ್ದಾಗ ಅಚ್ಚಾದ ಪುಸ್ತಕಗಳ ಲೆಕ್ಕ ಇದು. ಪಂಜೆ ಮಂಗೇಶರಾಯರು ಹೋದದ್ದು 1937ರಲ್ಲಿ, ಅವರ ಪದ್ಯ, ಕಥೆ ಯಾರು ಬೇಕಾದರೂ ಓದಿ ಹಂಚಬಹುದು. ಮಂಜೇಶ್ವರದ ಗೋವಿಂದ ಪೈಗಳದ್ದು 1963, ಹಾಗಾಗಿ 2024ರಿಂದ ಮುಕ್ತ. ಶಿವರಾಮ ಕಾರಂತರದ್ದು ಹಾಗಲ್ಲ, 1997ರಲ್ಲಿ ಹೋದರು, 2057 ಮುಗಿಯಬೇಕು. ಇನ್ನೊಂದು ಮಾತು. ಕಾವ್ಯ ಹಳೆಯದಾದರೂ ಅದನ್ನು ಹಾಡಿ ರೆಕಾರ್ಡ್ ಮಾಡಿದವರ ಹಕ್ಕು ಬೇರೆ. ಅವರು ಉಚಿತ ಅಂದಿದ್ದಾರಾ ನೋಡಿಕೊಳ್ಳಿ.

ಲಿಬ್ರಿವಾಕ್ಸ್ ಅಂತ, ಹಕ್ಕು ಮುಗಿದ ಪುಸ್ತಕಗಳನ್ನು ಓದಿ ಹಾಕುವ ಒಂದು ತಾಣ ಉಂಟು. ಕೆನಡಾದ ಮಾಂಟ್ರಿಯಲ್‌ನಲ್ಲಿ ಹ್ಯೂ ಮೆಗ್ವಾಯರ್ ಅನ್ನುವವರು 2005ರಲ್ಲಿ ಶುರು ಮಾಡಿದ್ದು. ಓದುವವರೆಲ್ಲ ಸುಮ್ನೆ ಇಷ್ಟಕ್ಕೆ ಓದುವವರು, ದುಡ್ಡಿಲ್ಲ. ಓದಿದ ಧ್ವನಿಯ ಹಕ್ಕನ್ನೂ ಬಿಟ್ಟುಕೊಡುತ್ತಾರೆ. ಅಧ್ಯಾಯಕ್ಕೊಂದು ಎಂಪಿ3, ನಿಮ್ಮ ಕಾರ್ಡಿಗೆ ಸರಿಯಾಗುತ್ತದೆ. ಆದರೆ ಅಲ್ಲಿ ಇಂಗ್ಲಿಷೇ ಜಾಸ್ತಿ. ಆ ಫೈಲುಗಳು ಇರುವುದು ಇಂಟರ್ನೆಟ್ ಆರ್ಕೈವ್ ಅನ್ನುವ ಇನ್ನೊಂದು ತಾಣದಲ್ಲಿ. ಅಲ್ಲಿ ಕನ್ನಡ ಲಿಪಿಯಲ್ಲೇ 'ಗಮಕ' (ಕಾವ್ಯವನ್ನು ರಾಗವಾಗಿ ಓದುವುದು), 'ಕಾವ್ಯವಾಚನ' ಅಂತ ಹುಡುಕಿ.

ಭಾಮಿನಿ ಪ್ರಿಯ, ಬ್ರಹ್ಮಾವರ:

ಅಕ್ಕ, ಅಮ್ಮನಿಗೆ ಕುಮಾರವ್ಯಾಸನ ಭಾರತದಿಂದಲೇ ಶುರು ಮಾಡಿ. ಹಳೆಯದು, ಕಷ್ಟ ಅಂತ ಹೆದರಬೇಡಿ. ಆ ಕಾವ್ಯವನ್ನು ಐದಾರು ಶತಮಾನ ಜನ ಕಿವಿಯಿಂದಲೇ ಉಳಿಸಿಕೊಂಡು ಬಂದದ್ದು. ಒಬ್ಬರು ವಾಚನ ಮಾಡುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ. ಗಮಕಿ ತಾಳಕ್ಕೆ ಕಟ್ಟುಬೀಳುವುದಿಲ್ಲ. ಅರ್ಥ ಎಲ್ಲಿ ಒಡೆಯುತ್ತದೋ ಅಲ್ಲಿ ಪದ ಬಿಡಿಸುತ್ತಾರೆ. ಭಾಮಿನಿ ಷಟ್ಪದಿ ಅಂದರೆ ಆರು ಸಾಲಿನ ಪದ್ಯ, ಮೂರು ನಾಲ್ಕು ಮೂರು ನಾಲ್ಕು ಅಂತ ಮಾತ್ರೆ ನಡೆಯುತ್ತದೆ. ಮೂರನೆಯ ಮತ್ತು ಆರನೆಯ ಸಾಲು ಮಾತ್ರ ಉದ್ದ. ಆ ಉದ್ದ ಸಾಲಿನಲ್ಲೇ ಗಮಕಿಯ ಧ್ವನಿ ಅರಳುವುದು. ವ್ಯಾಖ್ಯಾನ ಇರುವ ರೆಕಾರ್ಡಿಂಗನ್ನೇ ಆರಿಸಿ. ಬರೀ ವಾಚನ ಬೇಡ.

ಕಟಪಾಡಿಯ ಮಗಳು:

ತುಂಬಾ ಉಪಕಾರ ಆಯಿತು. ಭಾನುವಾರ ಕರ್ಣನ ಭಾಗ ಹಾಕಿದೆ. ಒಂದು ಪದ್ಯ ಮುಗಿಯುವಷ್ಟರಲ್ಲಿ ಅಮ್ಮ ತಲೆ ಎತ್ತಿ, "ಇದು ಆಟದಲ್ಲಿ ಭಾಗವತರು ಹೇಳುವ ಭಾಮಿನಿ ಅಲ್ವಾ?" ಅಂದರು. ಸಣ್ಣವರಿದ್ದಾಗ ಗದ್ದೆಯಲ್ಲಿ ಚಾಪೆ ಹಾಸಿ ಬೆಳಗಿನವರೆಗೆ ಕೂತು ನೋಡಿದ ಯಕ್ಷಗಾನ ನೆನಪಾಯಿತಂತೆ. ಕಥೆ ಮೊದಲೇ ಗೊತ್ತಿದ್ದ ಕಾರಣ ಕಠಿಣ ಪದ ಬಂದರೂ ದಾರಿ ತಪ್ಪಲಿಲ್ಲ. ಕುಂತಿ ಕರ್ಣನ ಹತ್ತಿರ ಬರುವಾಗ ನೂಲಿನ ಉಂಡೆ ಉರುಳಿ ಹೋದದ್ದು ಅವರಿಗೆ ಗೊತ್ತೇ ಆಗಲಿಲ್ಲ. ನಾನೇ ಹೆಕ್ಕಿ ಕೊಟ್ಟೆ.

ಇನ್ನು ಗದ್ಯ ಬೇಕು. ಊರಿನ ಕಥೆ, ಮನೆಯ ಮಾತು ಇರುವಂಥದ್ದು.

ಬಂದರು ಬೀದಿ:

ನೀವೇ ಓದಿ ರೆಕಾರ್ಡ್ ಮಾಡಿ ಅಕ್ಕ. ನಿಜ ಹೇಳುತ್ತಿದ್ದೇನೆ. ನಾನು ನನ್ನ ಅಜ್ಜನಿಗೆ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಪೂರ್ತಿ ಓದಿ ಕೊಟ್ಟೆ. 1899ರಲ್ಲಿ ನಮ್ಮ ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ ಅಚ್ಚಾದದ್ದು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಅಂತ ಹೇಳುವುದು ಅದನ್ನೇ. ವಿಧವೆಯ ಮರುಮದುವೆಯ ಕಥೆ. ಆಮೇಲೆ ಮುದ್ದಣ. ನಂದಳಿಕೆಯವರು, ಉಡುಪಿಯಲ್ಲಿ ವ್ಯಾಯಾಮದ ಮೇಷ್ಟ್ರಾಗಿದ್ದವರು. ಅವರ 'ರಾಮಾಶ್ವಮೇಧ'ದಲ್ಲಿ ಹೆಂಡತಿ ಮನೋರಮೆ ಗಂಡ ಮುದ್ದಣನನ್ನು ಕಥೆ ಹೇಳು ಅಂತ ಕೂರಿಸುತ್ತಾಳೆ, ಅರ್ಥವಾಗದ ಕಡೆ ಸುಮ್ಮನಿರುವವಳಲ್ಲ.

ಬೆಳಿಗ್ಗೆ ಐದಕ್ಕೆ ಕೂತುಕೊಳ್ಳಿ. ಕಾಗೆ, ಬಸ್ಸಿನ ಹಾರ್ನು ಎರಡೂ ಇರುವುದಿಲ್ಲ. ಫ್ಯಾನ್ ಬಂದ್. ಎದುರು ಒಂದು ದಪ್ಪ ಹೊದಿಕೆ ನೇತುಹಾಕಿ, ಗೋಡೆಯ ಮರುದನಿ ಕಡಿಮೆಯಾಗುತ್ತದೆ. ಫೋನನ್ನು ಬಾಯಿಗೆ ನೇರ ಹಿಡಿಯಬೇಡಿ, ಒಂದು ಗೇಣು ದೂರ ಸ್ವಲ್ಪ ಓರೆಗೆ ಇಡಿ. ಇಲ್ಲದಿದ್ದರೆ 'ಪ', 'ಭ' ಬಂದಾಗ ಗಾಳಿ ಬಡಿಯುತ್ತದೆ. ಹದಿನೈದು ನಿಮಿಷಕ್ಕೊಂದು ತುಂಡು ಮಾಡಿ 01, 02 ಅಂತ ಹೆಸರಿಡಿ. ಸ್ಪೀಕರ್ ಸಾಲಾಗಿ ಹಾಡುತ್ತದೆ. 64 ಕೆಬಿಪಿಎಸ್ ಎಂಪಿ3 ಆದರೆ ಒಂದು ಗಂಟೆಗೆ 30 ಎಂಬಿಯೂ ಆಗುವುದಿಲ್ಲ. ಮಳೆಗಾಲದಲ್ಲಿ ಮಾತ್ರ ಶೀಟಿನ ಮಾಡಿನ ಕೆಳಗೆ ಕೂರಬೇಡಿ ಮಾರಾಯ್ರೆ, ನನ್ನದು ಎರಡು ಅಧ್ಯಾಯ ಹಾಳಾಯಿತು.

ಕಟಪಾಡಿಯ ಮಗಳು:

ಓದಿದೆ! ಮೂರು ದಿನ ಬೆಳಿಗ್ಗೆ ಎದ್ದು ಮುದ್ದಣನ ಶುರುವಿನ ಭಾಗ ಇಪ್ಪತ್ತು ನಿಮಿಷ ಮಾಡಿದ್ದೇನೆ. ಹಳಗನ್ನಡ ನಾಲಿಗೆಗೆ ಹೊಂದಲು ಒಂದೊಂದು ಸಾಲು ನಾಲ್ಕು ಸಲ ಓದಬೇಕಾಯಿತು. ನನ್ನ ಧ್ವನಿ ಅಂತ ಅಮ್ಮನಿಗೆ ಮೊದಲು ಗೊತ್ತಾಗಲಿಲ್ಲ. ಗೊತ್ತಾದ ಮೇಲೆ ಕೈ ಒರೆಸಿಕೊಂಡು ಸ್ಪೀಕರ್ ಹತ್ತಿರ ಎಳೆದುಕೊಂಡರು.

ಮುದ್ದಣ ಸಂಸ್ಕೃತ ಶುರು ಮಾಡಿದಾಗ, ನೀರೇ ಇಳಿಯದ ಗಂಟಲಿಗೆ ಕಡುಬು ತುರುಕಿದ ಹಾಗಾಯಿತು ಅಂತ ಮನೋರಮೆ ಹೇಳುತ್ತಾಳಲ್ಲ, ಅಲ್ಲಿ ನಿಲ್ಲಿಸಲು ಹೇಳಿದರು. ಮತ್ತೊಮ್ಮೆ ಹಾಕಿಸಿಕೊಂಡು ಕೇಳಿದರು. "ಅವಳು ಸರಿಯಾಗಿ ಕೇಳಿದಳು. ನಮಗೆ ಗೊತ್ತಾಗುವ ಹಾಗೆ ಹೇಳಬೇಕು" ಅಂದರು. ಸಂಜೆ ಬೀಡಿ ಕೊಡಲು ಬ್ರಾಂಚಿಗೆ ಹೋದಾಗ ಅಲ್ಲಿದ್ದವರಿಗೂ ಹೇಳಿದ್ದಾರೆ. ಈಗ ಪಕ್ಕದ ಮನೆಯ ಇಬ್ಬರು ತಡ್ಪೆ ಹಿಡಿದುಕೊಂಡು ಮಧ್ಯಾಹ್ನ ನಮ್ಮ ಜಗಲಿಗೇ ಬರುತ್ತಾರೆ.

ಪುಟದ ಕೆಳಗೇ ಪದಗಳ ಅರ್ಥ ಕೊಟ್ಟ ಮುದ್ದಣನ ಪುಸ್ತಕ ಯಾರ ಹತ್ತಿರವಾದರೂ ಉಂಟಾ? ಉಡುಪಿಯಲ್ಲಿ ಆದರೆ ನಾನೇ ಬಂದು ತೆಗೆದುಕೊಳ್ಳುತ್ತೇನೆ, ಓದಿ ಮುಗಿಸಿ ವಾಪಸ್ ಕೊಡುತ್ತೇನೆ.