ಅಪ್ಪ-ಅಮ್ಮನಿಗೆ ಯಾವ ಪಾಸ್‌ವರ್ಡ್ ಮ್ಯಾನೇಜರ್? ನಿಮ್ಮ ಮನೆಯಲ್ಲಿ ಏನು ಮಾಡಿದ್ದೀರಿ?

ಕೇಳಿದವರು, ಬೆಂಗಳೂರು

ಅಪ್ಪ ಅಮ್ಮ ಸಾಗರದಲ್ಲಿದ್ದಾರೆ. ಅಪ್ಪನಿಗೆ 68, ನಿವೃತ್ತ ಮೇಷ್ಟ್ರು. ಅಮ್ಮ ವಾಟ್ಸಾಪ್, ಯೂಟ್ಯೂಬ್, ಕರೆಂಟ್ ಬಿಲ್ಲು ಬಿಟ್ಟರೆ ಫೋನಿನಲ್ಲಿ ಬೇರೇನೂ ಮುಟ್ಟುವುದಿಲ್ಲ. ಇಬ್ಬರಿಗೂ ಎಲ್ಲ ಕಡೆ ಒಂದೇ ಪಾಸ್‌ವರ್ಡ್: ಅಪ್ಪನ ಹೆಸರು, ಹುಟ್ಟಿದ ವರ್ಷ. ಬ್ಯಾಂಕು, ಐಆರ್‌ಸಿಟಿಸಿ, ಆದಾಯ ತೆರಿಗೆ, ಜೀಮೇಲ್ ಎಲ್ಲಕ್ಕೂ ಅದೇ. ಬದಲಾಯಿಸಿದ್ದನ್ನು ಡೈರಿಯಲ್ಲಿ ಬರೆದಿದ್ದಾರೆ. ಹೊಡೆದು ಹಾಕಿ, ಮತ್ತೆ ಬರೆದು, ಈಗ ಯಾವುದು ಸರಿ ಅಂತ ಅವರಿಗೂ ಗೊತ್ತಿಲ್ಲ. ಊರಿಗೆ ಹೋದಾಗೆಲ್ಲ ನನಗೆ ಅರ್ಧ ದಿನ ಇದೇ ಕೆಲಸ. ಎಲ್ಲ ಪಾಸ್‌ವರ್ಡ್ ಒಂದೇ ಕಡೆ ಇಟ್ಟುಕೊಂಡು ಬೇಕಾದಾಗ ತಾನೇ ತುಂಬುವ ಪಾಸ್‌ವರ್ಡ್ ಮ್ಯಾನೇಜರ್ ನನಗೂ ಒಂದು ಬೇಕು, ಅವರಿಗೂ ಬೇಕು. ಬಳಸಿದವರು ದಯವಿಟ್ಟು ಹೇಳಿ.

ಮೈಸೂರಿನಿಂದ

ನಾನು ಮಾಡಿದ ತಪ್ಪನ್ನೇ ಮೊದಲು ಹೇಳುತ್ತೇನೆ. ನನಗೆ ಯಾವುದು ಚೆನ್ನಾಗಿದೆಯೋ ಅದೇ ಮಾವನಿಗೂ ಚೆನ್ನಾಗಿರುತ್ತದೆ ಅಂದುಕೊಂಡೆ. ಮಾಸ್ಟರ್ ಪಾಸ್‌ವರ್ಡ್, ಅಂದರೆ ಉಳಿದೆಲ್ಲವನ್ನೂ ತೆರೆಯುವ ಒಂದು ಮುಖ್ಯ ಪಾಸ್‌ವರ್ಡ್ ಇರುವ ಆಪ್ ಹಾಕಿಕೊಟ್ಟೆ. ಒಂದು ಭಾನುವಾರ ಪೂರ್ತಿ ಕೂತು ಅವರ ನಲವತ್ತು ಖಾತೆ ತುಂಬಿಸಿದೆ. ಬೆರಳು ಇಟ್ಟರೆ ತೆರೆಯುತ್ತಿತ್ತು, ಅವರಿಗೂ ಖುಷಿ. ಮೂರು ತಿಂಗಳ ಮೇಲೆ ಹೊಸ ಫೋನ್ ತಗೊಂಡರು. ಹೊಸ ಫೋನಿನಲ್ಲಿ ಬೆರಳು ಸಾಲದು, ಮಾಸ್ಟರ್ ಪಾಸ್‌ವರ್ಡ್ ಹಾಕಲೇಬೇಕು. ಮೂರು ತಿಂಗಳು ಒಮ್ಮೆಯೂ ಟೈಪ್ ಮಾಡದ್ದು ಹೇಗೆ ನೆನಪಿರುತ್ತದೆ? ಕಂಪನಿಯವರನ್ನು ಕೇಳಿ ಪ್ರಯೋಜನವಿಲ್ಲ. ಆ ಪಾಸ್‌ವರ್ಡ್ ಅವರ ಹತ್ತಿರವೂ ಇರುವುದಿಲ್ಲ. ಸುರಕ್ಷಿತವಾಗಿರಲಿ ಅಂತಲೇ ಹಾಗೆ ಮಾಡಿರುತ್ತಾರೆ. ನಲವತ್ತೂ ಹೋಯಿತು. ಮಾವ ಬೈಯಲಿಲ್ಲ. "ನನ್ನ ಡೈರಿಯೇ ವಾಸಿ ಇತ್ತಪ್ಪ" ಅಂದರು ಅಷ್ಟೆ.

ಈಗ ಅವರಿಗೆ ಆಂಡ್ರಾಯ್ಡ್ ಫೋನಿನಲ್ಲೇ ಬರುವ ಗೂಗಲ್ ಪಾಸ್‌ವರ್ಡ್ ಮ್ಯಾನೇಜರ್. ಹೊಸದಾಗಿ ಕಲಿಯುವುದು ಏನೂ ಇಲ್ಲ. ಸೇವ್ ಮಾಡಲಾ ಅಂತ ಕೇಳುತ್ತದೆ, ಹೂಂ ಅನ್ನಬೇಕು. ಆದರೆ ಆಗ ಜೀಮೇಲ್ ಖಾತೆಯೇ ಮನೆಯ ಮುಂಬಾಗಿಲು. ಅದಕ್ಕೆ ಎರಡು ಹಂತದ ಪರಿಶೀಲನೆ ಆನ್ ಮಾಡಿದೆ, ಅಂದರೆ ಪಾಸ್‌ವರ್ಡ್ ಆದ ಮೇಲೆ ಇನ್ನೊಂದು ಗುರುತನ್ನೂ ಕೇಳುತ್ತದೆ. ರಿಕವರಿ ನಂಬರ್ ಅತ್ತೆಯದು ಕೊಟ್ಟೆ. ಫೋನ್ ಕೈಯಲ್ಲಿಲ್ಲದಾಗ ಆ ಎರಡನೇ ಹಂತ ದಾಟಲು ಗೂಗಲ್ 10 ಬ್ಯಾಕಪ್ ಕೋಡ್ ಕೊಡುತ್ತದೆ, ಅವನ್ನು ಪ್ರಿಂಟ್ ತೆಗೆದು ಬೀರುವಿನಲ್ಲಿ ಆಸ್ತಿಪತ್ರಗಳ ಜೊತೆ ಇಟ್ಟೆ. ಇನ್ನೊಂದು ವಿಷಯ ಮರೆಯಬೇಡಿ. ಫೋನ್ ಲಾಕ್ ಗೊತ್ತಿರುವವರು ಎಲ್ಲ ಪಾಸ್‌ವರ್ಡನ್ನೂ ನೋಡಬಹುದು. ಮಾವನ ಪಿನ್ ಮೊಮ್ಮಕ್ಕಳಿಗೂ ಗೊತ್ತಿತ್ತು, ಪಕ್ಕದ ಮನೆ ಹುಡುಗನಿಗೂ ಗೊತ್ತಿತ್ತು. ಮೊದಲು ಅದನ್ನು ಬದಲಾಯಿಸಿದೆ.

ನಾನು ಬಳಸುವುದು ಬಿಟ್‌ವಾರ್ಡನ್. ಆ ಆಪ್ ಅನ್ನು ಹೇಗೆ ಬರೆದಿದ್ದಾರೆ ಅನ್ನುವ ಪ್ರೋಗ್ರಾಂ ಕೋಡ್ ಯಾರು ಬೇಕಾದರೂ ನೋಡಬಹುದು. ಉಚಿತ ಖಾತೆಯಲ್ಲೇ ಎಷ್ಟು ಪಾಸ್‌ವರ್ಡ್ ಬೇಕಾದರೂ ಇಡಬಹುದು, ಫೋನು ಲ್ಯಾಪ್‌ಟಾಪ್ ಎರಡರಲ್ಲೂ ಸಿಗುತ್ತದೆ. ಮಾಸ್ಟರ್ ಪಾಸ್‌ವರ್ಡ್‌ಗೆ ಒಂದಕ್ಕೊಂದು ಸಂಬಂಧವಿಲ್ಲದ ಐದು ಕನ್ನಡ ಪದ ಇಟ್ಟುಕೊಂಡಿದ್ದೇನೆ. ಹಾರೆ, ಮಜ್ಜಿಗೆ, ತೊಟ್ಟಿಲು ಅನ್ನುವ ಥರ. ಗಾದೆ, ವಚನದ ಸಾಲು ಬೇಡ, ಅವು ಎಲ್ಲರ ಬಾಯಲ್ಲೂ ಇರುತ್ತವೆ. ಪದಗಳನ್ನು ನೀವೇ ಯೋಚಿಸಿ ಆರಿಸಬೇಡಿ, ನಿಘಂಟು ಸುಮ್ನೆ ಐದು ಕಡೆ ತೆರೆದು ಬೆರಳಿಡಿ. ಇಂಗ್ಲಿಷ್ ಅಕ್ಷರದಲ್ಲಿ ಹೇಗೆ ಬರೆದಿರಿ ಅನ್ನುವುದನ್ನೂ ಕಾಗದದ ಮೇಲೆ ಗುರುತು ಮಾಡಿಕೊಳ್ಳಿ. ಮಜ್ಜಿಗೆಗೆ ಜೆ ಒಂದಾ ಎರಡಾ ಅಂತ ಆರು ತಿಂಗಳ ಮೇಲೆ ಖಂಡಿತ ಅನುಮಾನ ಬರುತ್ತದೆ.

ಹುಬ್ಬಳ್ಳಿಯಿಂದ

ನನ್ನದು ಕೀಪಾಸ್. 2003ರಿಂದ ಇದೆ, ಪೂರ್ತಿ ಉಚಿತ. ಎಲ್ಲ ಒಂದೇ ಫೈಲಿನಲ್ಲಿ, ನಮ್ಮ ಕಂಪ್ಯೂಟರಿನಲ್ಲೇ ಇರುತ್ತದೆ. 2022ರಲ್ಲಿ ಲಾಸ್ಟ್‌ಪಾಸ್ ಅನ್ನುವ ಮ್ಯಾನೇಜರ್‌ನ ಗ್ರಾಹಕರ ವಾಲ್ಟ್‌ಗಳ, ಅಂದರೆ ಪಾಸ್‌ವರ್ಡ್ ಇಡುವ ಪೆಟ್ಟಿಗೆಗಳ, ಬ್ಯಾಕಪ್ ಕಳ್ಳತನವಾಯಿತಲ್ಲ, ಆ ಸುದ್ದಿ ಓದಿ ಇದಕ್ಕೆ ಬಂದೆ. ಪಾಸ್‌ವರ್ಡ್‌ಗಳಿಗೆ ಬೀಗ ಇತ್ತು, ನಿಜ. ಆದರೆ ಯಾರ ಖಾತೆ ಯಾವ ಯಾವ ಸೈಟಿನಲ್ಲಿದೆ ಅನ್ನುವ ವಿಳಾಸಗಳಿಗೆ ಇರಲಿಲ್ಲ. ಮಾಸ್ಟರ್ ಪಾಸ್‌ವರ್ಡ್ ಸುಲಭದ್ದು ಇಟ್ಟವರಿಗೆ ಬೀಗವೂ ಎಷ್ಟು ದಿನ ತಡೆಯುತ್ತದೆ ಅನ್ನುವ ಭಯ. ನಿಮಗಾದರೆ ಕೀಪಾಸ್ ನೋಡಿ. ಅಪ್ಪ ಅಮ್ಮನಿಗೆ ಬೇಡ. ಫೈಲನ್ನು ಫೋನಿಗೂ ಕಂಪ್ಯೂಟರಿಗೂ ಒಂದೇ ಥರ ಇಡುವುದು, ಬ್ಯಾಕಪ್ ತೆಗೆಯುವುದು ಎಲ್ಲ ನಾವೇ ಮಾಡಬೇಕು.

ಟೊರೊಂಟೊದಿಂದ

ನಮ್ಮ ಮನೆಯಲ್ಲಿ ಎಲ್ಲರದ್ದೂ ಐಫೋನ್, ಧಾರವಾಡದಲ್ಲಿರುವ ಅಮ್ಮನದೂ ಸೇರಿ. 2024ರಲ್ಲಿ ಐಒಎಸ್ 18ರ ಜೊತೆ ಪಾಸ್‌ವರ್ಡ್ಸ್ ಅನ್ನುವ ಆಪ್ ಬಂತು. ಅದರಲ್ಲಿ ಅಮ್ಮ, ತಮ್ಮ, ನಾನು ಸೇರಿ ಒಂದು ಗುಂಪು ಮಾಡಿಕೊಂಡಿದ್ದೇವೆ. ಇಲ್ಲಿ ನಾನು ಟಿಕೆಟ್ ಖಾತೆಯ ಪಾಸ್‌ವರ್ಡ್ ಬದಲಾಯಿಸಿದರೆ ಅಮ್ಮ ಬೆಳಿಗ್ಗೆ ಏಳುವಷ್ಟರಲ್ಲಿ ಅವರ ಫೋನಿನಲ್ಲೂ ಬದಲಾಗಿರುತ್ತದೆ. ಮೊದಲು ರಾತ್ರಿ ಹನ್ನೊಂದಕ್ಕೆ ವಿಡಿಯೋ ಕಾಲ್ ಮಾಡಿ ಒಂದೊಂದೇ ಅಕ್ಷರ ಹೇಳಬೇಕಿತ್ತು. ಮನೆಯಲ್ಲಿ ಒಬ್ಬರದ್ದು ಆಂಡ್ರಾಯ್ಡ್ ಇದ್ದರೂ ಇದು ಆಗುವುದಿಲ್ಲ. ಆಗ ದುಡ್ಡು ಕೊಡಲು ತಯಾರಿದ್ದರೆ ಒನ್‌ಪಾಸ್‌ವರ್ಡ್ ಅನ್ನುವ ಮ್ಯಾನೇಜರ್‌ನ ಕುಟುಂಬ ಪ್ಲಾನ್ ನೋಡಿ. ಅಪ್ಪ ಪಾಸ್‌ವರ್ಡ್ ಮರೆತರೆ ಪ್ಲಾನ್ ನೋಡಿಕೊಳ್ಳುವ ನೀವು ಅವರ ಖಾತೆಯನ್ನು ಮರಳಿ ತೆರೆದುಕೊಡಬಹುದು. ಮೈಸೂರಿನವರಿಗೆ ಆದ ಹಾಗೆ ಆಗುವುದಿಲ್ಲ.

ಮಂಗಳೂರಿನಿಂದ, ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತ

ಯುಪಿಐ ಪಿನ್ನು, ಎಟಿಎಂ ಪಿನ್ನು ಯಾವ ಆಪ್‌ನಲ್ಲೂ ಬರೆದಿಡಬೇಡಿ. ಅವು ತಲೆಯಲ್ಲೇ ಇರಲಿ. ಬ್ಯಾಂಕಿನ ಪಾಸ್‌ವರ್ಡನ್ನು ಮಕ್ಕಳ ಜೊತೆಗಿನ ಗುಂಪಿಗೂ ಹಾಕಬೇಡಿ.

ಪಾಸ್‌ವರ್ಡ್ ಮ್ಯಾನೇಜರ್‌ನಿಂದ ವಯಸ್ಸಾದವರಿಗೆ ಆಗುವ ದೊಡ್ಡ ಉಪಕಾರವನ್ನು ಯಾರೂ ಹೇಳಲಿಲ್ಲ. ನನ್ನ ಹೆಂಡತಿಗೆ ಒಂದು ದಿನ ಮೆಸೇಜ್ ಬಂತು, ಕೆವೈಸಿ ಮಾಡಿಸದಿದ್ದರೆ ಇವತ್ತೇ ಖಾತೆ ಬಂದ್ ಅಂತ. ಲಿಂಕ್ ಒತ್ತಿದಳು. ತೆರೆದ ಪುಟ ಥೇಟ್ ನಮ್ಮ ಬ್ಯಾಂಕಿನದೇ. ಲೋಗೋ, ಬಣ್ಣ ಯಾವುದರಲ್ಲೂ ಕಣ್ಣಿಗೆ ವ್ಯತ್ಯಾಸ ಕಾಣಲಿಲ್ಲ. "ರೀ, ಇವತ್ತು ಪಾಸ್‌ವರ್ಡ್ ತಾನಾಗಿ ಬರ್ತಾ ಇಲ್ಲ" ಅಂತ ಕರೆದಳು. ಮ್ಯಾನೇಜರ್ ನೋಡುವುದು ಲೋಗೋವನ್ನಲ್ಲ, ಸೈಟಿನ ವಿಳಾಸವನ್ನು. ವಿಳಾಸ ಬೇರೆ, ಅದಕ್ಕೇ ಸುಮ್ಮನಿತ್ತು. ಅವಳು ಅಲ್ಲಿಗೇ ನಿಲ್ಲಿಸಿದಳು. ಕೆಲವು ನಿಜವಾದ ಬ್ಯಾಂಕ್ ಪುಟಗಳಲ್ಲೂ ಅದು ತುಂಬುವುದಿಲ್ಲ, ಹಾಗಾಗಿ ತುಂಬದಿದ್ದರೆಲ್ಲ ಮೋಸ ಅಂತಲ್ಲ. ಆದರೆ ತುಂಬದಿದ್ದಾಗ ಕೈಯಿಂದ ಹಾಕಬಾರದು, ಬ್ಯಾಂಕಿನ ಆಪ್ ತೆರೆದು ನೋಡಬೇಕು. ಇಷ್ಟನ್ನು ಅಪ್ಪ ಅಮ್ಮನಿಗೆ ಹೇಳಿಕೊಡಿ. ಹಣ ಹೋಗಿಯೇಬಿಟ್ಟರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್. ಆ ನಂಬರನ್ನು ಫ್ರಿಜ್ ಮೇಲೆ ಅಂಟಿಸಿ.

ಇನ್ನೊಂದು ತಾಪತ್ರಯ ಇದೆ. ಬ್ಯಾಂಕಿನಲ್ಲಿ ಲಾಗಿನ್‌ಗೆ ಒಂದು, ವ್ಯವಹಾರಕ್ಕೆ ಇನ್ನೊಂದು ಪಾಸ್‌ವರ್ಡ್ ಇರಬಹುದು. ಆಪ್ ಎರಡನೆಯದನ್ನು ಮೊದಲಿನದರ ಮೇಲೇ ಸೇವ್ ಮಾಡಿಬಿಡಬಹುದು. ಅಪ್‌ಡೇಟ್ ಮಾಡಲಾ ಅಂತ ಕೇಳಿದರೆ ಬೇಡ ಅನ್ನಿ.

ದಾವಣಗೆರೆಯಿಂದ

ನಮ್ಮ ಅಪ್ಪ ಇದರಲ್ಲೆಲ್ಲ ಬಹಳ ಅಚ್ಚುಕಟ್ಟು. ಎಲ್ಲವೂ ಮ್ಯಾನೇಜರ್‌ನಲ್ಲಿತ್ತು. ಕಳೆದ ವರ್ಷ ಇದ್ದಕ್ಕಿದ್ದಂತೆ ಹೋಗಿಬಿಟ್ಟರು. ಮಾಸ್ಟರ್ ಪಾಸ್‌ವರ್ಡ್ ಅವರಿಗೊಬ್ಬರಿಗೇ ಗೊತ್ತಿತ್ತು.

ಬ್ಯಾಂಕಿನ ಹಣಕ್ಕೆ ತೊಂದರೆ ಆಗಲಿಲ್ಲ. ಅದಕ್ಕೆ ಪಾಸ್‌ವರ್ಡ್ ಬೇಡ, ಮರಣ ಪ್ರಮಾಣಪತ್ರ ಕೊಟ್ಟು ನಾಮಿನಿ ಅರ್ಜಿ ಹಾಕಿದೆವು. ಕಷ್ಟ ಆಗಿದ್ದು ಬೇರೆ. ಎಲ್ಲೆಲ್ಲಿ ಖಾತೆ ಇದೆ ಅಂತಲೇ ನಮಗೆ ಗೊತ್ತಿರಲಿಲ್ಲ. ಅವರ ಮೇಲ್ ತೆರೆಯಲಿಲ್ಲ. ಅದರ ಜೊತೆ ಹತ್ತು ವರ್ಷದ ಫೋಟೋಗಳೂ ಒಳಗೇ ಉಳಿದವು. ಹಂಪಿಗೆ ಹೋದಾಗ ತೆಗೆದದ್ದು ಸಿಕ್ಕಿತಾ ಅಂತ ಅಮ್ಮ ಈಗಲೂ ಕೇಳುತ್ತಾರೆ.

ಅದಾದ ಮೇಲೆ ನಾನು ಮಾಡಿದ್ದು ಇಷ್ಟು. ಬಿಟ್‌ವಾರ್ಡನ್‌ಗೆ ದುಡ್ಡು ಕಟ್ಟಿದೆ, ತುರ್ತು ಪ್ರವೇಶಕ್ಕೆ ತಂಗಿಯ ಹೆಸರು ಕೊಟ್ಟೆ. ಅವಳು ಕೇಳಿದಾಗ ನಾನು ಗೊತ್ತುಮಾಡಿದಷ್ಟು ದಿನದೊಳಗೆ ಬೇಡ ಅನ್ನದಿದ್ದರೆ ಅವಳಿಗೆ ತೆರೆಯುತ್ತದೆ. ಗೂಗಲ್‌ನಲ್ಲಿ ನಿಷ್ಕ್ರಿಯ ಖಾತೆಯ ಸೆಟ್ಟಿಂಗ್ ಇದೆ. 3 ತಿಂಗಳಿಂದ 18 ತಿಂಗಳವರೆಗೆ ಅವಧಿ ಆರಿಸಬಹುದು. ಅಷ್ಟು ಕಾಲ ಖಾತೆ ಬಳಸದಿದ್ದರೆ ನಾವು ಹೇಳಿದವರಿಗೆ ಫೋಟೋ, ಮೇಲ್ ಸಿಗುತ್ತದೆ. ಇದು ಉಚಿತ. ನಿಮ್ಮ ಅಪ್ಪನ ಫೋನ್ ಕೈಗೆ ತಗೊಂಡ ದಿನವೇ ಮಾಡಿ. ಕೇಳಲು ಸಂಕೋಚ ಆಗುತ್ತದೆ, ನನಗೂ ಆಗಿತ್ತು. ಆದರೂ ಕೇಳಿ.

ಕೇಳಿದವರು, ಬೆಂಗಳೂರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಶನಿವಾರ ಸಾಗರಕ್ಕೆ ಹೋಗಿದ್ದೆ. ನಲವತ್ತು ಖಾತೆ ಮುಟ್ಟಲಿಲ್ಲ. ಜೀಮೇಲ್, ಬ್ಯಾಂಕು, ಆದಾಯ ತೆರಿಗೆ, ಐಆರ್‌ಸಿಟಿಸಿ, ಈ ನಾಲ್ಕೇ. ಇಬ್ಬರಿಗೂ ಗೂಗಲ್‌ನದೇ ಇಟ್ಟೆ, ನಾನು ಬಿಟ್‌ವಾರ್ಡನ್ ಶುರು ಮಾಡಿದೆ. ಡೈರಿ ಬಿಡಲು ಅಪ್ಪ ಒಪ್ಪಲಿಲ್ಲ. ಬಿಡಿಸಲಿಲ್ಲ. ಹೊಸ ಪುಟದಲ್ಲಿ ಪಾಸ್‌ವರ್ಡ್ ಬದಲು ಎಲ್ಲೆಲ್ಲಿ ಖಾತೆ ಇದೆ ಅನ್ನುವ ಪಟ್ಟಿ ಅವರ ಕೈಯಲ್ಲೇ ಬರೆಸಿದೆ. ಮೇಷ್ಟ್ರ ಅಕ್ಷರ, ಮುತ್ತಿನಂತಿದೆ. ಬ್ಯಾಕಪ್ ಕೋಡ್ ಲಕೋಟೆಯಲ್ಲಿ ಹಾಕಿ ಬೀರುವಿನಲ್ಲಿಟ್ಟೆ.

ನಿಷ್ಕ್ರಿಯ ಖಾತೆಯ ವಿಷಯ ಹೇಗೆ ಎತ್ತುವುದು ಅಂತ ಊಟದ ತನಕ ಒದ್ದಾಡಿದೆ. ಕೊನೆಗೆ ಕೇಳಿದಾಗ ಅಪ್ಪ, "ನಿನ್ನ ಹೆಸರೂ ಅಮ್ಮನ ಹೆಸರೂ ಹಾಕು, ಮೊನ್ನೆಯಿಂದ ನಾನೇ ಹೇಳೋಣ ಅಂತಿದ್ದೆ" ಅಂದರು.

ಮಂಗಳೂರಿನವರು ಹೇಳಿದ ಹಾಗೆಯೇ ಬ್ಯಾಂಕಿನ ಎರಡನೇ ಪಾಸ್‌ವರ್ಡ್ ಮೊದಲಿನದರ ಮೇಲೆ ಕೂತುಬಿಟ್ಟಿದೆ. ಬಸ್ಸಿಗೆ ಹೊತ್ತಾಗಿತ್ತು, ಹಾಗೇ ಬಂದೆ. ಅದನ್ನು ಸರಿ ಮಾಡಲು ಹಬ್ಬಕ್ಕೆ ಹೋದಾಗ ಕೂರಬೇಕು.